ಒಂದು ಕೆಲಸಕ್ಕೆ ಒಂದೇ ಹಾಳೆ: ಉಬುಂಟು ಹೊಸಬರಿಗೆ ಕನ್ನಡದಲ್ಲಿ ಸಹಾಯ ಬರೆದ ಬಗೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಮಕ್ಕಳಿಗೆ, ವಿಂಡೋಸಿನ ಬದಲು ಕಂಪ್ಯೂಟರ್ ನಡೆಸುವ ಉಚಿತ ತಂತ್ರಾಂಶವಾದ ಉಬುಂಟು ಹೊಸದಲ್ಲ. ಶಾಲೆಗಳಲ್ಲಿರುವ, ಕೇರಳ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ‘ಕೈಟ್’ ರೂಪಿಸಿದ ಕೈಟ್ ಗ್ನು/ಲಿನಕ್ಸ್‌ನ ಬುಡ ಉಬುಂಟುವೇ. ಕಷ್ಟಪಡುವವರು ದೊಡ್ಡವರು: ಭಜನಾ ಮಂದಿರದ ಆಮಂತ್ರಣ, ಪಂಚಾಯತಿಗೆ ಅರ್ಜಿ, ಯಕ್ಷಗಾನ ಸಂಘದ ಲೆಕ್ಕ ಎಂದು ವಾಚನಾಲಯದ ಕಂಪ್ಯೂಟರಿನ ಮುಂದೆ ಕೂರುವವರು. ಅವರಿಗೆ ಬೇಕಾದ ಉತ್ತರ ಎಲ್ಲೋ ಇದ್ದೇ ಇದೆ. ಆದರೆ ಸ್ವಲ್ಪ ಉಬುಂಟುವಿನ ದಾಖಲೆಯಲ್ಲಿ, ಸ್ವಲ್ಪ ಅದರ ಪರದೆಯ ಮೆನು, ಕಿಟಕಿಗಳನ್ನು ನಡೆಸುವ ಗ್ನೋಮ್ ಸಹಾಯಪುಟದಲ್ಲಿ, ಉಳಿದದ್ದು ಪತ್ರ, ಲೆಕ್ಕ ಬರೆಯುವ ತಂತ್ರಾಂಶ ಲಿಬ್ರೆ ಆಫೀಸ್‌ನದರಲ್ಲಿ. ಒಂದೊಂದೂ ಒಂದೊಂದು ಆವೃತ್ತಿಗೆ ಬರೆದದ್ದು. ಅವನ್ನು ಕೂಡಿಸಿ, ಕೆಲಸಕ್ಕೊಂದರಂತೆ ಎ4 ಹಾಳೆಯ ಒಂದೇ ಮಗ್ಗುಲಿಗೆ ಇಳಿಸಿದ ಕ್ರಮ ಇದು.

ಹಾಳೆಯ ತಲೆಬರಹ ತಂತ್ರಾಂಶದ ಹೆಸರಾಗಿರಬಾರದು, ಆಗಬೇಕಾದ ಕೆಲಸವಾಗಿರಬೇಕು. ‘ಐಬಸ್ ಬಳಕೆ’ (ಐಬಸ್ ಎಂದರೆ ಬೇರೆ ಬೇರೆ ಭಾಷೆಯಲ್ಲಿ ಟೈಪ್ ಮಾಡಿಸುವ ತಂತ್ರಾಂಶ) ಎಂದರೆ ಯಾರೂ ತೆರೆಯುವುದಿಲ್ಲ. ‘ಕನ್ನಡದಲ್ಲಿ ಟೈಪ್ ಮಾಡುವುದು’ ಎಂದರೆ ತೆರೆಯುತ್ತಾರೆ. ಅದರ ಕೆಳಗೇ ಆವೃತ್ತಿ: ‘ಉಬುಂಟು 22.04, ಲಿಬ್ರೆ ಆಫೀಸ್ 7.3’. ಈ ಒಂದು ಸಾಲಿಲ್ಲದ ಸಹಾಯಪುಟವೇ ಹೊಸಬರನ್ನು ಹೆಚ್ಚು ಅಲೆಸುವುದು. ಕೀಬೋರ್ಡ್ ಭಾಷೆ ಸೇರಿಸುವ ಜಾಗ 18.04 ಮತ್ತು 20.04ರಲ್ಲಿ ಸೆಟ್ಟಿಂಗ್ಸ್‌ನ ‘ರೀಜನ್ ಆಂಡ್ ಲ್ಯಾಂಗ್ವೇಜ್’ ಒಳಗಿತ್ತು; 22.04ರಲ್ಲಿ ಅದು ‘ಕೀಬೋರ್ಡ್’ ಒಳಗೆ ಬಂದಿದೆ. ಹಳೆಯ ಪುಟ ಹಿಡಿದು ಹುಡುಕುವವರು ತಮ್ಮ ಕಂಪ್ಯೂಟರೇ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಟೈಪಿಂಗ್ ಹಾಳೆಯಲ್ಲಿ ಅತಿ ಹೆಚ್ಚು ಜಾಗ ಕೊಟ್ಟದ್ದು ಒಂದೇ ಗೊಂದಲಕ್ಕೆ. ಇನ್‌ಪುಟ್ ಸೋರ್ಸಸ್ ಪಟ್ಟಿಯಲ್ಲಿ ಕನ್ನಡ ಹುಡುಕಿದರೆ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿ ವಿನ್ಯಾಸ ಎರಡು ಕಡೆ ಕಾಣುತ್ತದೆ. ಒಂದರ ಹೆಸರು ‘ಕಗಪ, ಫೊನೆಟಿಕ್’, ಇನ್ನೊಂದು ‘ಕೆಜಿಪಿ, ಎಂ17ಎನ್’ (ಎಂ17ಎನ್ ಎಂದರೆ ಹಲವು ಭಾಷೆಗಳ ಟೈಪಿಂಗ್ ವಿಧಾನಗಳ ಸಂಗ್ರಹ). ಮೊದಲನೆಯದು ಬರೀ ಕೀಲಿಪಟ್ಟಿ. ಹಿಂದಿನ ಅಕ್ಷರ ಯಾವುದೆಂದು ಅದು ನೋಡುವುದಿಲ್ಲ. ಸ್ವರಚಿಹ್ನೆ ಬರಬೇಕಾದರೆ ಬಲಗಡೆಯ ಆಲ್ಟ್ ಒತ್ತಿ ಹಿಡಿಯಬೇಕು. ‘ನುಡಿ’ ಟೈಪಿಂಗ್ ತಂತ್ರಾಂಶದಲ್ಲಿ ಕೈ ಪಳಗಿದವರು ಅದನ್ನು ಆರಿಸಿಕೊಂಡು ‘ಕಾಸರಗೋಡು’ ಹೊಡೆದರೆ ‘ಕಆಸರಗಓಡಉ’ ಎಂದು ಮೂಡುತ್ತದೆ. ಫಾಂಟ್ ಸರಿಯಿಲ್ಲವೆಂದು ಫಾಂಟ್‌ಗಳ ಹಿಂದೆ ಬೀಳುವುದು ಇಲ್ಲಿಂದಲೇ. ಎಂ17ಎನ್‌ನದು ವ್ಯಂಜನದ ನಂತರ ಬಂದ ಸ್ವರವನ್ನು ತಾನೇ ಚಿಹ್ನೆಯಾಗಿಸುತ್ತದೆ, ನುಡಿಯಂತೆಯೇ. ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ‘ಐಬಸ್-ಎಂ17ಎನ್’ ಪ್ಯಾಕೇಜ್ ಹಾಕಿ, ಲಾಗ್ ಔಟ್ ಆಗಿ ಮತ್ತೆ ಒಳಬರಬೇಕು. ಲಾಗ್ ಔಟ್ ಮಾಡದೆ ‘ಬರಲಿಲ್ಲ’ ಎನ್ನುವವರು ಬಹಳ, ಹಾಗಾಗಿ ಆ ಹೆಜ್ಜೆಯನ್ನು ದಪ್ಪಕ್ಷರದಲ್ಲಿ ಹಾಕಿದ್ದೇನೆ.

ಭಾಷೆ ಬದಲಿಸಲು ಸಹಾಯಪುಟಗಳು ‘ಸೂಪರ್ ಮತ್ತು ಸ್ಪೇಸ್’ ಎನ್ನುತ್ತವೆ. ಕೀಬೋರ್ಡಿನಲ್ಲಿ ಸೂಪರ್ ಎಂಬ ಅಚ್ಚೇ ಇರುವುದಿಲ್ಲ. ‘ವಿಂಡೋಸ್ ಗುರುತಿನ ಕೀಲಿ’ ಎಂದೇ ಬರೆಯಬೇಕು.

ಲಿಬ್ರೆ ಆಫೀಸ್ ಹಾಳೆಯಲ್ಲಿ ನಮ್ಮ ಜಿಲ್ಲೆಗೇ ಬೇಕಾದ ಮಾತೊಂದಿದೆ. ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜ್ ಸೆಟ್ಟಿಂಗ್ಸ್‌ಗೆ ಹೋಗಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ಗೆ ಗುರುತು ಹಾಕಿ ಕನ್ನಡ ಆರಿಸಿದ ಮೇಲೆ, ಸ್ಟೈಲಿನ ಫಾಂಟ್ ಪುಟದಲ್ಲಿ ಎರಡು ವಿಭಾಗ ಕಾಣುತ್ತವೆ: ವೆಸ್ಟರ್ನ್ (ಇಂಗ್ಲಿಷಿನಂಥ ಲಿಪಿಗಳಿಗೆ) ಮತ್ತು ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟಿನ ಚುಟುಕು, ಭಾರತೀಯ ಲಿಪಿಗಳಂಥವಕ್ಕೆ). ಕನ್ನಡದ ಫಾಂಟ್, ಅಳತೆ, ದಪ್ಪ ಎಲ್ಲವೂ ಸಿಟಿಎಲ್‌ಗೆ ಸೇರಿದ್ದು. ವೆಸ್ಟರ್ನ್ ಅಳತೆಯನ್ನು 14 ಮಾಡಿದರೂ ಕನ್ನಡ ಅಲುಗದು. ಇಷ್ಟು ಎಲ್ಲ ಕನ್ನಡಿಗರಿಗೂ ಸಾಕು. ಆದರೆ ಇಲ್ಲಿಯ ಅರ್ಜಿಗಳಲ್ಲಿ ಒಂದೇ ಪುಟದಲ್ಲಿ ಕನ್ನಡವೂ ಮಲಯಾಳವೂ ಇರುತ್ತವೆ, ಎರಡೂ ಸಿಟಿಎಲ್ಲೇ. ಒಂದು ಸ್ಟೈಲಿಗೆ ಸಿಟಿಎಲ್ ಫಾಂಟ್ ಮಾತ್ರ ಒಂದೇ. ಗುಬ್ಬಿ ಫಾಂಟ್ ಇಟ್ಟರೆ ಅದರಲ್ಲಿಲ್ಲದ ಮಲಯಾಳ ಅಕ್ಷರಗಳಿಗೆ ಕಂಪ್ಯೂಟರ್ ತನಗೆ ಸಿಕ್ಕ ಬೇರೆ ಫಾಂಟ್ ಹಾಕುತ್ತದೆ, ಸಾಲಿನ ಎತ್ತರ ಏರುಪೇರಾಗುತ್ತದೆ. ಪರಿಹಾರ: ಎಫ್11 ಒತ್ತಿ, ‘ಮಲಯಾಳ’ ಎಂಬ ಕ್ಯಾರೆಕ್ಟರ್ ಸ್ಟೈಲ್ ಮಾಡಿ, ಅದರ ಸಿಟಿಎಲ್ ಫಾಂಟ್ ಮಂಜರಿ, ಭಾಷೆ ಮಲಯಾಳ ಎಂದಿಟ್ಟು, ಆ ಸಾಲುಗಳಿಗೆ ಮಾತ್ರ ಹಚ್ಚುವುದು. ಎರಡು ಲಿಪಿ ಪಕ್ಕಪಕ್ಕ ಬರೆಯುವ ಊರಿನವರು ಬರೆದುಕೊಂಡರೆ ಮಾತ್ರ ಇಂಥದ್ದು ಒಂದೆಡೆ ಸಿಗುತ್ತದೆ.

ಹಳೆಯ ನುಡಿ ಕಡತ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಂಡರೆ ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಫಾಂಟ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ಪಠ್ಯವನ್ನೇ ಯುನಿಕೋಡಿಗೆ ಪರಿವರ್ತಿಸಬೇಕು.

ಎಲ್ಲೋ ಸಿಕ್ಕ ಆಜ್ಞೆಯನ್ನು ಹಾಗೇ ಹಾಳೆಗೆ ಇಳಿಸುವುದಂತೂ ಅಪಾಯ. ತಂತ್ರಾಂಶ ಹಾಕುವಾಗ ‘ಕುಡ್ ನಾಟ್ ಗೆಟ್ ಲಾಕ್’ ಎಂದು ಬಂದರೆ, ಲಾಕ್ ಕಡತವನ್ನು ಅಳಿಸಿ ಎನ್ನುವ ಸಲಹೆ ಎಲ್ಲೆಡೆ ಇದೆ. ಮಾಡಬಾರದು. ಕಂಪ್ಯೂಟರ್ ಶುರುವಾದೊಡನೆ ಹಿನ್ನೆಲೆಯಲ್ಲಿ ಸುರಕ್ಷತಾ ಅಪ್‌ಡೇಟ್ ನಡೆಯುತ್ತಿರುತ್ತದೆ, ಆ ಬೀಗ ಹೆಚ್ಚಾಗಿ ಅದರದು. ಅಳಿಸಿದರೆ ಎರಡು ಪ್ರೋಗ್ರಾಂ ಒಂದೇ ಪ್ಯಾಕೇಜ್ ದಾಖಲೆಗೆ ಒಟ್ಟಿಗೆ ಬರೆದು ಅದನ್ನು ಕೆಡಿಸಬಹುದು. ಬೀಗ ಯಾರ ಕೈಯಲ್ಲಿದೆ ಎಂದು 22.04ರ ಸಂದೇಶವೇ ಹೇಳುತ್ತದೆ, ಕಾದರೆ ಸಾಕು. ನಡುವೆ ಕರೆಂಟು ಹೋಗಿ ಅರ್ಧಕ್ಕೆ ನಿಂತಿದ್ದರೆ, ಆಜ್ಞೆ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ’ ಕೊಟ್ಟು ಮುಗಿಸಬೇಕು. ಸುಡೋ (ಕಂಪ್ಯೂಟರಿನ ಪೂರ್ಣ ಅಧಿಕಾರದಿಂದ ನಡೆಸು ಎಂಬ ಆಜ್ಞೆ) ಇರುವ ಪ್ರತಿ ಸಾಲಿನ ಪಕ್ಕದಲ್ಲಿ ಅದು ಏನು ಮಾಡುತ್ತದೆ ಎಂದು ಬರೆಯಲಾಗದಿದ್ದರೆ ಆ ಸಾಲು ಹಾಳೆಗೆ ಬೇಡ.

ಪ್ರತಿ ಹೆಜ್ಜೆಯ ನಂತರ ‘ಈಗ ಹೀಗೆ ಕಾಣಬೇಕು’ ಎಂಬ ಒಂದು ಸಾಲು, ಬೇಕಾದಲ್ಲಿ ಪರದೆಯ ತುಣುಕು ಚಿತ್ರ. ಬಳಿಕ ಪರೀಕ್ಷೆ: ಎಂದೂ ಉಬುಂಟು ಮುಟ್ಟದವರೊಬ್ಬರ ಕೈಗೆ ಹಾಳೆ ಕೊಟ್ಟು, ಬರೆದವರು ಮೌಸ್ ಮುಟ್ಟದೆ ಬಾಯಿ ಮುಚ್ಚಿ ಪಕ್ಕದಲ್ಲಿ ಕೂರಬೇಕು. ಬೆರಳು ಎಲ್ಲಿ ನಿಂತಿತೋ ಅಲ್ಲಿ ಪೆನ್ಸಿಲ್ ಗುರುತು. ಬಾಯಲ್ಲಿ ವಿವರಿಸಬೇಕಾಗಿ ಬಂದ ಮಾತೆಲ್ಲ ಹಾಳೆಯಲ್ಲಿ ಬಿಟ್ಟುಹೋದ ಮಾತು.

22.04ರ ಸಾಮಾನ್ಯ ಬೆಂಬಲ 2027ರವರೆಗೆ. ಆವೃತ್ತಿ ಬದಲಾದಾಗ ಮೊದಲು ತಿದ್ದಬೇಕಾದವು ಮೆನು ದಾರಿ ಹೇಳುವ ಸಾಲುಗಳು. ಕಾರಣ ಹೇಳುವ ಸಾಲುಗಳು ಹೆಚ್ಚಾಗಿ ಹಾಗೇ ನಡೆಯುತ್ತವೆ. ಅದಕ್ಕೇ ಇವೆರಡನ್ನೂ ಬೇರೆ ಬೇರೆ ಪ್ಯಾರಾದಲ್ಲಿಟ್ಟು, ಒಡಿಟಿ (ಲಿಬ್ರೆ ಆಫೀಸಿನ) ಮೂಲ ಕಡತವನ್ನು ವಾಚನಾಲಯದ ಕಂಪ್ಯೂಟರಿನ ಡೆಸ್ಕ್‌ಟಾಪಿನಲ್ಲಿ ಯಾರು ಬೇಕಾದರೂ ತಿದ್ದುವಂತೆ ಇಟ್ಟಿದ್ದೇನೆ.