ಬೆನ್-ಹರ್: ಕಾದಂಬರಿಯ ರೂಪಾಂತರಗಳನ್ನು ಹೋಲಿಸಿ ನೋಡುವ ಬಗೆ

ಅಮೆರಿಕದ ಲೇಖಕ ಲ್ಯೂ ವಾಲೇಸ್ 1880ರಲ್ಲಿ ಪ್ರಕಟಿಸಿದ, ಕ್ರಿಸ್ತನ ಕಾಲದ ಯೆಹೂದಿ ಯುವಕನೊಬ್ಬನ ಕತೆ ಹೇಳುವ 'ಬೆನ್-ಹರ್' ಕಾದಂಬರಿಯ ರೂಪಾಂತರಗಳನ್ನು ಅಭ್ಯಾಸ ಮಾಡಬಯಸುವವರು ಮೊದಲು ಮೂಲವನ್ನೇ ಓದಬೇಕು; ಇಡೀ ಪುಸ್ತಕ ಓದಲು ಪುರುಸೊತ್ತಿಲ್ಲದಿದ್ದರೆ ರಥಸ್ಪರ್ಧೆಯ ಭಾಗವನ್ನೂ ಕ್ರಿಸ್ತನು ಕಾಣಿಸಿಕೊಳ್ಳುವ ಭಾಗಗಳನ್ನೂ ಓದಿಕೊಂಡರೆ ಸಾಕು.

ಬಳಿಕ ರಂಗಭೂಮಿಗೆ ಬನ್ನಿ. 1899ರಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡ ನಾಟಕದಲ್ಲಿ ನಿಜವಾದ ಕುದುರೆಗಳು ಉರುಳುವ ಪಟ್ಟಿಗಳ ಮೇಲೆ ನಿಂತಲ್ಲೇ ಓಡುತ್ತಿದ್ದವು, ಹಿನ್ನೆಲೆಯ ಚಿತ್ರಪಟ ಹಿಂದಕ್ಕೆ ಸರಿಯುತ್ತಿತ್ತು. ಕ್ರಿಸ್ತನ ಪಾತ್ರವನ್ನು ಯಾವ ನಟನೂ ವಹಿಸಕೂಡದೆಂದು ವಾಲೇಸ್ ಪಟ್ಟುಹಿಡಿದದ್ದರಿಂದ ಅಲ್ಲಿ ಬೆಳಕಿನ ಕಿರಣವೊಂದೇ ಅವನನ್ನು ಸೂಚಿಸುತ್ತಿತ್ತು. ಈ ಒಂದು ಸಂಗತಿಯನ್ನೇ ಅಳತೆಗೋಲಾಗಿ ಹಿಡಿದುಕೊಂಡು ಮುಂದಿನ ಚಿತ್ರಗಳನ್ನು ನೋಡುವುದು ಉತ್ತಮ ಕ್ರಮ.

1907ರ ಕಿರುಚಿತ್ರವನ್ನು ಚರಿತ್ರೆಗಾಗಿ ಮಾತ್ರ ನೋಡಿ. ಅನುಮತಿಯಿಲ್ಲದೆ ತಯಾರಾದ ಅದರಿಂದಾಗಿಯೇ, ಕಾದಂಬರಿಯನ್ನು ಚಲನಚಿತ್ರವಾಗಿಸಲು ಹಕ್ಕು ಪಡೆಯಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 1911ರಲ್ಲಿ ತೀರ್ಪಿತ್ತಿತು. 1925ರ ಮೂಕಿ ಚಿತ್ರವನ್ನೂ, ವಿಲಿಯಂ ವೈಲರ್ ನಿರ್ದೇಶಿಸಿ 11 ಆಸ್ಕರ್ ಗೆದ್ದ 1959ರ ಚಿತ್ರವನ್ನೂ ಬೇರೆ ಬೇರೆ ದಿನ ನೋಡಿ, ಏಕೆಂದರೆ ಎರಡನೆಯದೊಂದೇ ಮೂರೂವರೆ ಗಂಟೆ ಹಿಡಿಯುತ್ತದೆ. ವೈಲರ್ ಕ್ರಿಸ್ತನ ಮುಖವನ್ನು ತೋರಿಸದೆ, ಅವನು ಕಥಾನಾಯಕನಿಗೆ ನೀರು ಕುಡಿಸುವ ದೃಶ್ಯದಲ್ಲಿ ಎದುರಿಗಿದ್ದವರ ಮುಖದ ಮೇಲಾಗುವ ಬದಲಾವಣೆಯನ್ನಷ್ಟೇ ತೋರಿಸುತ್ತಾನೆ. ಅಲ್ಲಿ ಚಿತ್ರವನ್ನು ನಿಲ್ಲಿಸಿ ಇನ್ನೊಮ್ಮೆ ನೋಡಬೇಕು. 2016ರ ಚಿತ್ರದಲ್ಲಿ ಕ್ರಿಸ್ತನ ಮುಖವೂ ಕಾಣುತ್ತದೆ, ಮಾತೂ ಕೇಳುತ್ತದೆ. ನನ್ನ ಮಟ್ಟಿಗೆ ಹಳೆಯ ಸಂಯಮವೇ ಹೆಚ್ಚು ಪರಿಣಾಮಕಾರಿ.