ಸ್ಕ್ರೀನ್ ಆರುವುದು, ಬೀಗ ಬೀಳುವುದು, ನಿದ್ದೆ ಹೋಗುವುದು: ಉಬುಂಟುವಿನಲ್ಲಿ ಹೊಂದಿಸುವುದು ಹೇಗೆ?

ಹಬ್ಬದ ಹಿಂದಿನ ದಿನ ಅಮ್ಮ ಅಡುಗೆಮನೆ ಕಟ್ಟೆಯ ಮೇಲೆ ನನ್ನ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು, ಚಿಕ್ಕಮ್ಮ ಕಳಿಸಿದ್ದ ಕೋಡುಬಳೆ ಅಳತೆ ನೋಡುತ್ತಿದ್ದರು. ಹಿಟ್ಟಿಗೆ ಕೈ ಹಾಕಿ ಐದು ನಿಮಿಷ ಆಗುವಷ್ಟರಲ್ಲಿ ಸ್ಕ್ರೀನ್ ಕಪ್ಪಾಯಿತು. ಮೊಣಕೈಯಿಂದ ಒಂದು ಕೀ ಒತ್ತಿದರೆ ಪಾಸ್‌ವರ್ಡ್ ಕೇಳಿತು. ಕೈ ತೊಳೆದು, ಟೈಪ್ ಮಾಡಿ, ಮತ್ತೆ ಹಿಟ್ಟು ಮುಟ್ಟಿದರು. ಸ್ವಲ್ಪ ಹೊತ್ತಿಗೆ ಮತ್ತೆ ಕತ್ತಲು. "ಈ ಬೀಗಾನೇ ತೆಗೆದುಬಿಡು ಮಗಾ" ಎಂದರು.

ಬೀಗ ತೆಗೆಯುವ ಅಗತ್ಯ ಇರಲಿಲ್ಲ. ಬದಲಿಸಬೇಕಾಗಿದ್ದು ಬೇರೆ ಸೆಟ್ಟಿಂಗ್. ಆ ಲ್ಯಾಪ್‌ಟಾಪಿನಲ್ಲಿ ಇರುವುದು ಉಬುಂಟು. ವಿಂಡೋಸ್‌ನಂತೆ ಕಂಪ್ಯೂಟರ್ ನಡೆಸುವ ಲಿನಕ್ಸ್ ವ್ಯವಸ್ಥೆಯ ಒಂದು ಬಗೆ ಅದು. ಲಿನಕ್ಸ್‌ಗೆ ಹೊಸದಾಗಿ ಬಂದವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ. ಹಾಗಾಗಿ ಮೊದಲು ಮೂರು ವಿಷಯಗಳನ್ನು ಬಿಡಿಸಿಕೊಳ್ಳೋಣ.

ಸ್ಕ್ರೀನ್ ಆರುವುದು ಒಂದು. ಬೆಳಕು ಮಾತ್ರ ಹೋಗುತ್ತದೆ, ಒಳಗೆ ಎಲ್ಲ ಕೆಲಸವೂ ನಡೆದೇ ಇರುತ್ತದೆ. ಬೀಗ ಬೀಳುವುದು ಎರಡನೆಯದು. ಆಗಲೂ ಕೆಲಸ ನಿಲ್ಲುವುದಿಲ್ಲ, ಆದರೆ ಪಾಸ್‌ವರ್ಡ್ ಇಲ್ಲದೆ ಯಾರೂ ಒಳಗೆ ಬರಲಾಗದು. ಮೂರನೆಯದು ಸಸ್ಪೆಂಡ್, ಅಂದರೆ ನಿದ್ದೆ. ಪ್ರೊಸೆಸರ್ ನಿಲ್ಲುತ್ತದೆ, ಮೆಮೊರಿಗೆ ಮಾತ್ರ ಚೂರು ವಿದ್ಯುತ್ ಹೋಗುತ್ತಿರುತ್ತದೆ. ಡೌನ್‌ಲೋಡ್ ಆಗಲಿ, ಹಾಡಾಗಲಿ, ಎಲ್ಲವೂ ನಿಲ್ಲುತ್ತವೆ. ಮೂರಕ್ಕೂ ಬೇರೆ ಬೇರೆ ಗಡಿಯಾರ ಇದೆ. ಒಂದರ ಸೆಟ್ಟಿಂಗ್ ಬದಲಿಸಿದರೆ ಇನ್ನೊಂದರ ಸೆಟ್ಟಿಂಗ್ ತಾನಾಗಿ ಬದಲಾಗುವುದಿಲ್ಲ. ಬೀಗದ ಗಡಿಯಾರ ಮಾತ್ರ ಸ್ಕ್ರೀನ್ ಆರಿದ ಮೇಲೆ ಓಡಲು ಶುರುವಾಗುತ್ತದೆ.

ಇಲ್ಲಿ ಹೇಳುವುದು 2024ರ ಏಪ್ರಿಲ್‌ನಲ್ಲಿ ಬಂದ ಉಬುಂಟು 24.04ಕ್ಕೆ. ಹಳೆಯ ಆವೃತ್ತಿಯಲ್ಲಿ ಹೆಸರುಗಳು ಸ್ವಲ್ಪ ಆಚೀಚೆ ಇರಬಹುದು.

ಹೆಜ್ಜೆ 1: ಸ್ಕ್ರೀನ್ ಆರುವ ಸಮಯ

ಮೇಲೆ ಬಲಮೂಲೆಯಲ್ಲಿ ಕ್ಲಿಕ್ ಮಾಡಿ, ಹಲ್ಲಿನ ಚಕ್ರದ ಗುರುತಿನಿಂದ ಸೆಟ್ಟಿಂಗ್ಸ್ ತೆರೆಯಿರಿ. ಎಡಗಡೆ ಪಟ್ಟಿಯಲ್ಲಿ 'ಪವರ್' ಆರಿಸಿ. ಅಲ್ಲಿ 'ಸ್ಕ್ರೀನ್ ಬ್ಲ್ಯಾಂಕ್' ಎಂಬ ಸಾಲಿದೆ. ಉಬುಂಟು ಹಾಕಿದಾಗ ಅದು 5 ನಿಮಿಷಕ್ಕೆ ಇರುತ್ತದೆ. ಓದುವ ಕೆಲಸ ಜಾಸ್ತಿ ಇದ್ದರೆ 15 ನಿಮಿಷ ಮಾಡಿ. ಅಮ್ಮನಿಗೆ ಬೇಕಾಗಿದ್ದು ಇಷ್ಟೇ.

ವಿಡಿಯೊ ನೋಡುವಾಗ ಸ್ಕ್ರೀನ್ ಆರುವುದಿಲ್ಲವಲ್ಲ, ಓದುವಾಗ ಮಾತ್ರ ಯಾಕೆ ಆರುತ್ತದೆ? ವಿಡಿಯೊ ಪ್ಲೇಯರ್ ಮತ್ತು ಬ್ರೌಸರ್ "ಈಗ ಆರಿಸಬೇಡ" ಎಂದು ಸಿಸ್ಟಂಗೆ ಹೇಳಿರುತ್ತವೆ. ಪಿಡಿಎಫ್ ತೋರಿಸುವ ಪ್ರೋಗ್ರಾಂ ಮಾಮೂಲಿ ಓದಿನಲ್ಲಿ ಹಾಗೆ ಹೇಳುವುದಿಲ್ಲ. ನೀವು ಪುಟ ನೋಡುತ್ತಿದ್ದೀರೋ, ಎದ್ದು ಹೋಗಿದ್ದೀರೋ ಕಂಪ್ಯೂಟರಿಗೆ ಗೊತ್ತಾಗುವುದು ಕೀಲಿಮಣೆ, ಮೌಸ್ ಅಲುಗಾಡಿದಾಗ ಮಾತ್ರ.

ಆ ಪಟ್ಟಿ 15 ನಿಮಿಷಕ್ಕೆ ಮುಗಿಯುತ್ತದೆ. ಅದರಾಚೆ ಇರುವುದು 'ನೆವರ್', ಅಂದರೆ ಎಂದೂ ಆರದಂತೆ. ಇದನ್ನು ಆಯ್ಕೆ ಮಾಡಬೇಡಿ ಎಂದೇ ಹೇಳುತ್ತೇನೆ. ಸ್ಕ್ರೀನ್ ಆರದಿದ್ದರೆ ತಾನಾಗಿ ಬೀಳುವ ಬೀಗವೂ ಬೀಳುವುದಿಲ್ಲ. ಅರ್ಧ ಗಂಟೆ ಬೇಕೇ ಬೇಕು ಎನ್ನುವವರಿಗೆ 'ಡಿಕಾನ್ಫ್ ಎಡಿಟರ್' ಎಂಬ ಸಣ್ಣ ಪ್ರೋಗ್ರಾಂ ಇದೆ. ಅದನ್ನು ಹಾಕಿಕೊಂಡು ಆರ್ಗ್, ಗ್ನೋಮ್, ಡೆಸ್ಕ್‌ಟಾಪ್, ಸೆಷನ್ ಎಂದು ಒಂದರೊಳಗೊಂದು ತೆರೆಯುತ್ತಾ ಹೋಗಿ. ಕೊನೆಗೆ 'ಐಡಲ್-ಡಿಲೇ' ಸಿಗುತ್ತದೆ. ಲೆಕ್ಕ ಸೆಕೆಂಡುಗಳಲ್ಲಿ. ಮೊದಲು 300 ಇರುತ್ತದೆ, 1800 ಕೊಟ್ಟರೆ ಅರ್ಧ ಗಂಟೆ. ಆಮೇಲೆ ಪವರ್ ಪುಟದ ಆ ಸಾಲನ್ನು ಬದಲಿಸಬೇಡಿ, ಬದಲಿಸಿದರೆ ನಿಮ್ಮ 1800 ಅಳಿಸಿಹೋಗುತ್ತದೆ.

ಹೆಜ್ಜೆ 2: ಬೀಗ

ಸೆಟ್ಟಿಂಗ್ಸ್‌ನಲ್ಲೇ 'ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ', ಅದರೊಳಗೆ 'ಸ್ಕ್ರೀನ್ ಲಾಕ್'. ಇಲ್ಲಿ 'ಆಟೊಮ್ಯಾಟಿಕ್ ಸ್ಕ್ರೀನ್ ಲಾಕ್' ಆನ್ ಇರಲಿ. ಅದರ ಕೆಳಗಿನ 'ಡಿಲೇ' ಸಾಲನ್ನು ಗಮನವಿಟ್ಟು ನೋಡಿ. ಈ ಸಮಯ ಎಣಿಸುವುದು ನೀವು ಕೈಬಿಟ್ಟ ಕ್ಷಣದಿಂದ ಅಲ್ಲ, ಸ್ಕ್ರೀನ್ ಆರಿದ ಕ್ಷಣದಿಂದ. ಸ್ಕ್ರೀನ್ ಆರಲು 10 ನಿಮಿಷ, ಡಿಲೇ 2 ನಿಮಿಷ ಇಟ್ಟರೆ ಬೀಗ ಬೀಳುವುದು 12ನೇ ನಿಮಿಷಕ್ಕೆ. ಮನೆಯಲ್ಲಾದರೆ ಇದು ತುಂಬಾ ಅನುಕೂಲ. ಸ್ಕ್ರೀನ್ ಆರಿದ ತಕ್ಷಣ ಮೌಸ್ ಅಲುಗಿಸಿದರೆ ಪಾಸ್‌ವರ್ಡ್ ಇಲ್ಲದೆಯೇ ವಾಪಸ್ ಬರಬಹುದು. ಆಫೀಸು, ಹಾಸ್ಟೆಲ್, ಅಂಗಡಿ ಆದರೆ ಡಿಲೇ ಬೇಡ. 'ಸ್ಕ್ರೀನ್ ಟರ್ನ್ಸ್ ಆಫ್' ಎಂದೇ ಬಿಡಿ, ಆರುವುದೂ ಬೀಗ ಬೀಳುವುದೂ ಒಟ್ಟಿಗೇ ಆಗುತ್ತದೆ.

ಅದೇ ಪುಟದ 'ಲಾಕ್ ಸ್ಕ್ರೀನ್ ಆನ್ ಸಸ್ಪೆಂಡ್' ಕೂಡ ಆನ್ ಇರಲಿ. ಲ್ಯಾಪ್‌ಟಾಪ್ ಬಸ್ಸಿನಲ್ಲೋ ರೈಲಿನಲ್ಲೋ ಮರೆತುಹೋದರೆ, ಮುಚ್ಚಳ ತೆಗೆದವರ ಕೈಗೆ ನಿಮ್ಮ ಮೇಲ್, ಫೋಟೊ ಸಿಗದಂತೆ ತಡೆಯುವುದು ಇದೇ.

ಎದ್ದು ಹೋಗುವಾಗ ಇಷ್ಟು ಹೊತ್ತು ಕಾಯಬೇಕಿಲ್ಲ, ಅಲ್ವಾ? ವಿಂಡೋಸ್ ಗುರುತಿನ ಕೀ ಹಿಡಿದು ಎಲ್ ಒತ್ತಿ. ಆ ಕ್ಷಣವೇ ಬೀಗ. ಕೈಗೆ ಇದು ರೂಢಿಯಾದರೆ ಮೇಲಿನ ಸಮಯಗಳನ್ನು ಧಾರಾಳವಾಗಿ ಇಟ್ಟುಕೊಳ್ಳಬಹುದು.

ಹೆಜ್ಜೆ 3: ನಿದ್ದೆ

ತಾನಾಗಿ ನಿದ್ದೆ ಹೋಗುವಂತೆ ಮಾಡುವ ಮೊದಲು ನೀವೇ ಒಮ್ಮೆ ಮಲಗಿಸಿ ಎಬ್ಬಿಸಿ ನೋಡಿ. ತೆರೆದಿರುವುದನ್ನೆಲ್ಲ ಸೇವ್ ಮಾಡಿ, ಬಲಮೂಲೆಯ ಪವರ್ ಗುರುತಿನಲ್ಲಿ 'ಸಸ್ಪೆಂಡ್' ಒತ್ತಿ. ಒಂದು ನಿಮಿಷ ಬಿಟ್ಟು ಕೀ ಒತ್ತಿ. ಏಳದಿದ್ದರೆ ಪವರ್ ಬಟನ್ ಮೆಲ್ಲಗೆ ಒಮ್ಮೆ ಒತ್ತಿ, ಹಿಡಿದುಕೊಳ್ಳಬೇಡಿ. ಕೆಲವು ಯಂತ್ರಗಳು ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ಪ್ರೋಗ್ರಾಂ) ತೊಂದರೆಯಿಂದ ಏಳುವುದೇ ಇಲ್ಲ. ನಾನು ಈ ಪರೀಕ್ಷೆ ಮಾಡದೆ ಒಂದು ಸಂಜೆಯ ಬರವಣಿಗೆ ಪೂರ್ತಿ ಕಳೆದುಕೊಂಡೆ. ಅದು ನಿಮಗಾಗುವುದು ಬೇಡ.

ಎದ್ದಿತೇ? ಹಾಗಾದರೆ ಮತ್ತೆ 'ಪವರ್' ಪುಟಕ್ಕೆ ಬಂದು 'ಆಟೊಮ್ಯಾಟಿಕ್ ಸಸ್ಪೆಂಡ್' ತೆರೆಯಿರಿ. ಬ್ಯಾಟರಿಯಲ್ಲಿದ್ದಾಗ ಒಂದು, ಪ್ಲಗ್ ಹಾಕಿದ್ದಾಗ ಒಂದು ಎಂದು ಎರಡು ಸಾಲಿವೆ. ಬ್ಯಾಟರಿಯದ್ದು ಆನ್ ಇರಲಿ. ರಾತ್ರಿ ದೊಡ್ಡ ಡೌನ್‌ಲೋಡ್ ಹಾಕಿ ಮಲಗುವವರು ಪ್ಲಗ್ ಸಾಲನ್ನು ಆಫ್ ಮಾಡಿ. ಸ್ಕ್ರೀನ್ ಆರುತ್ತದೆ, ಬೀಗ ಬೀಳುತ್ತದೆ, ಕೆಲಸ ಮಾತ್ರ ಬೆಳಗಿನವರೆಗೂ ನಡೆಯುತ್ತದೆ.

ಇಲ್ಲಿ ಒಂದು ಸಿಕ್ಕು ಇದೆ. ಸ್ಕ್ರೀನ್ ಆರಲು 30 ನಿಮಿಷ ಕೊಟ್ಟು, ಬ್ಯಾಟರಿ ಸಸ್ಪೆಂಡ್ 20 ನಿಮಿಷಕ್ಕೆ ಬಿಟ್ಟರೆ ಯಂತ್ರ 20ಕ್ಕೇ ಮಲಗುತ್ತದೆ. "ಸೆಟ್ಟಿಂಗ್ ಬದಲಿಸಿದರೂ ಕೆಲಸ ಮಾಡುತ್ತಿಲ್ಲ" ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಈ ಎರಡು ಅಂಕಿಗಳನ್ನು.

ಡೆಸ್ಕ್‌ಟಾಪ್ ಕಂಪ್ಯೂಟರ್ ಇಟ್ಟುಕೊಂಡವರು ಇನ್ನೊಂದು ನೆನಪಿಡಿ. ನಿದ್ದೆಯಲ್ಲಿರುವಾಗ ಕರೆಂಟ್ ಹೋದರೆ, ಯುಪಿಎಸ್ ಇಲ್ಲದಿದ್ದರೆ, ಸೇವ್ ಮಾಡದ್ದೆಲ್ಲ ಹೋಯಿತು. ಮೆಮೊರಿಯಲ್ಲಿದ್ದದ್ದು ವಿದ್ಯುತ್ ಇರುವವರೆಗೆ ಮಾತ್ರ. ಹಳ್ಳಿಯಲ್ಲಿರುವ ಅಣ್ಣನ ಕಂಪ್ಯೂಟರಿನಲ್ಲಿ ನಾನು ಸಸ್ಪೆಂಡ್ ಆಫ್ ಮಾಡಿ, ಸಂಜೆ ಪೂರ್ತಿ ಶಟ್‌ಡೌನ್ ಮಾಡಲು ಹೇಳಿದ್ದೇನೆ.

ಮುಚ್ಚಳ ಮುಚ್ಚಿದಾಗ

ಲ್ಯಾಪ್‌ಟಾಪ್ ಮುಚ್ಚಿದರೆ ಮಲಗುವುದು ಸೆಟ್ಟಿಂಗ್ಸ್‌ನಲ್ಲಿ ಕಾಣುವ ವಿಷಯವಲ್ಲ. ಅದನ್ನು ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ ಆದ ಸಿಸ್ಟಂ‌ಡಿ ನೋಡಿಕೊಳ್ಳುತ್ತದೆ. ಹೊರಗಿನ ಮಾನಿಟರ್ ಜೋಡಿಸಿದ್ದರೆ ಮುಚ್ಚಿದರೂ ಮಲಗುವುದಿಲ್ಲ, ಹೆಚ್ಚಿನವರಿಗೆ ಅಷ್ಟು ಸಾಕು. ಬದಲಿಸಲೇಬೇಕಾದರೆ ಅಡ್ಮಿನ್ ಅನುಮತಿಯಿಂದ ಇಟಿಸಿ ಫೋಲ್ಡರಿನ ಸಿಸ್ಟಂ‌ಡಿ ಒಳಗಿರುವ ಲಾಗಿನ್‌ಡಿ ಡಾಟ್ ಕಾನ್ಫ್ ಫೈಲ್ ತೆರೆದು, 'ಹ್ಯಾಂಡಲ್‌ಲಿಡ್‌ಸ್ವಿಚ್' ಸಾಲಿನ ಮೊದಲಿನ ಹ್ಯಾಶ್ ಗುರುತು ತೆಗೆದು, 'ಸಸ್ಪೆಂಡ್' ಇದ್ದಲ್ಲಿ 'ಇಗ್ನೋರ್' ಬರೆದು, ರೀಸ್ಟಾರ್ಟ್ ಮಾಡಿ. ಹೀಗೆ ಮಾಡಿದ ಮೇಲೆ ಮುಚ್ಚಿ ಬ್ಯಾಗಿಗೆ ಹಾಕಬೇಡಿ. ಒಳಗೆ ಓಡುತ್ತಲೇ ಇದ್ದು ಬಿಸಿಯಾಗುತ್ತದೆ.

ಲಿನಕ್ಸ್‌ನ ಇನ್ನೊಂದು ಬಗೆಯಾದ ಲಿನಕ್ಸ್ ಮಿಂಟ್‌ನ 'ಸಿನಮನ್' ಎಂಬ ಡೆಸ್ಕ್‌ಟಾಪ್ (ಕಿಟಕಿ, ಮೆನುಗಳ ನೋಟ) ಬಳಸುವವರಿಗೆ ಈ ಕಷ್ಟ ಇಲ್ಲ. 'ಪವರ್ ಮ್ಯಾನೇಜ್‌ಮೆಂಟ್' ಪುಟದಲ್ಲೇ ಮುಚ್ಚಳದ ಆಯ್ಕೆ ಇದೆ. ಬೀಗದ ಸೆಟ್ಟಿಂಗ್ ಅಲ್ಲಿ 'ಸ್ಕ್ರೀನ್‌ಸೇವರ್' ಒಳಗಿರುತ್ತದೆ.

ಪಾಸ್‌ವರ್ಡ್ ಸರಿಯಿದ್ದರೂ ಬೀಗ ತೆರೆಯದಿದ್ದರೆ

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇದು ಆಗಾಗ ಕಾಡುತ್ತದೆ. ಕನ್ನಡ ಕೀಲಿಮಣೆ ಆನ್ ಇರುವಾಗ ಬೀಗ ಬಿದ್ದರೆ, ನೀವು ಒತ್ತುವ ಅಕ್ಷರಗಳು ಕನ್ನಡದಲ್ಲೇ ಹೋಗಬಹುದು. ಪೆಟ್ಟಿಗೆಯಲ್ಲಿ ಚುಕ್ಕಿಗಳು ಮಾತ್ರ ಕಾಣುವುದರಿಂದ ತಪ್ಪು ಗೊತ್ತಾಗುವುದಿಲ್ಲ. ಗಾಬರಿ ಬೇಡ. ಬೀಗದ ಸ್ಕ್ರೀನಿನ ಮೇಲೆ ಬಲಗಡೆ ಭಾಷೆಯ ಗುರುತು ನೋಡಿ. ಅದು ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ವಿಂಡೋಸ್ ಗುರುತಿನ ಕೀ ಹಿಡಿದು ಸ್ಪೇಸ್‌ಬಾರ್ ಒತ್ತಿ ಇಂಗ್ಲಿಷಿಗೆ ಬದಲಿಸಿ. ಟೈಪ್ ಮಾಡಿದ್ದನ್ನು ಅಳಿಸಿ, ಪಾಸ್‌ವರ್ಡನ್ನು ಮೊದಲಿನಿಂದ ಹಾಕಿ.