ಫೋಟೋ, ಹಾಡು, ಪ್ರೋಗ್ರಾಂ: ಹಂಚುವ ಮುಂಚೆ ಲೈಸೆನ್ಸ್ ಬರೆದಿಡಿ

ಗೋಣಿಕೊಪ್ಪದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಹಾಕಿ ಪಂದ್ಯದ ಫ್ಲೆಕ್ಸ್, ಹೋಂಸ್ಟೇ ವೆಬ್‌ಸೈಟ್, ಎಲ್ಲಾ ಮಾಡಿಕೊಡುತ್ತೇವೆ. "ಅಣ್ಣಾ, ಗೂಗಲ್‌ನಿಂದ ತೆಗೆದ ಫೋಟೋ, ಹಾಕಬಹುದಲ್ವಾ?" ಅಂತ ಪೆನ್‌ಡ್ರೈವ್ ಕೊಡುವವರೇ ಜಾಸ್ತಿ. ಕೆಳಗೆ "ಚಿತ್ರಕೃಪೆ: ಇಂಟರ್ನೆಟ್" ಅಂತ ಹಾಕಿಬಿಟ್ಟರೆ ಸಾಕು ಅನ್ನುವ ನಂಬಿಕೆ ಬೇರೆ. ಇಂಟರ್ನೆಟ್ ಯಾರಿಗೂ ಕೃಪೆ ಮಾಡುವುದಿಲ್ಲ. ಹಕ್ಕು ಇರುವವರು ಒಪ್ಪಬೇಕು, ಅಷ್ಟೇ. ಇನ್ನು ಕೆಲವರಿಗೆ ತಮ್ಮ ಕೆಲಸ ನಾಲ್ಕು ಜನ ಬಳಸಲಿ ಅಂತ ಆಸೆ ಇರುತ್ತದೆ, ಯಾವ ಷರತ್ತಿನ ಮೇಲೆ ಬಳಸಬಹುದು ಅನ್ನುವ ಒಪ್ಪಿಗೆಯನ್ನು, ಅಂದರೆ ಲೈಸೆನ್ಸನ್ನು, ಹೇಗೆ ಬರೆದಿಡಬೇಕು ಅಂತ ಗೊತ್ತಿರುವುದಿಲ್ಲ. ಇದು ಮುಖ್ಯವಾಗಿ ಅವರಿಗೆ.

ಕಾಪಿರೈಟ್‌ಗೆ ಅರ್ಜಿ ಹಾಕಬೇಕಿಲ್ಲ. 1957ರ ಕಾಯ್ದೆಯ ಪ್ರಕಾರ ಬರೆದ ಕೂಡಲೇ, ಕ್ಲಿಕ್ ಮಾಡಿದ ಕೂಡಲೇ ಹಕ್ಕು ಬಂದುಬಿಡುತ್ತದೆ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ತಕರಾರು ಬಂದಾಗ ಸಾಕ್ಷಿಗೆ ಆಗುತ್ತದೆ. ಬರೆದವರು ಬದುಕಿರುವಷ್ಟು ದಿನ, ಆಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಕಂಪ್ಯೂಟರ್ ಪ್ರೋಗ್ರಾಂ ಕೂಡ ಈ ಕಾಯ್ದೆಯ ಲೆಕ್ಕದಲ್ಲಿ ಸಾಹಿತ್ಯವೇ. ನನ್ನಂಥವನನ್ನೂ ಸಾಹಿತಿ ಮಾಡಿದ ಕಾಯ್ದೆ ಇದು.

ಲೈಸೆನ್ಸ್ ಆರಿಸುವ ಮುಂಚೆ, ಕೆಲಸ ನಿಮ್ಮದೇನಾ ನೋಡಿಕೊಳ್ಳಿ. ಇಲ್ಲೇ ಎಡವುವುದು. ಒಂದು ಹೋಂಸ್ಟೇಗೆ ನೀವು ದುಡ್ಡು ತಗೊಂಡು ಫೋಟೋ ತೆಗೆದಿರಿ, ವೆಬ್‌ಸೈಟಿನ ಕೋಡೂ ಬರೆದಿರಿ ಅಂದುಕೊಳ್ಳಿ. ಬೇರೆ ಕರಾರು ಇಲ್ಲದಿದ್ದರೆ ಫೋಟೋಗಳ ಹಕ್ಕು ದುಡ್ಡು ಕೊಟ್ಟು ತೆಗೆಸಿದ ಹೋಂಸ್ಟೇ ಮಾಲೀಕರದ್ದು. ಕೋಡಿನ ಹಕ್ಕು ಬರೆದ ನಿಮ್ಮದು. ಒಂದೇ ಕೆಲಸ, ಒಂದೇ ಬಿಲ್ಲು, ಹಕ್ಕು ಮಾತ್ರ ಇಬ್ಬರಿಗೆ! ಕಾಯ್ದೆಯ 17ನೇ ಸೆಕ್ಷನ್ ಹೇಳುವುದು ಹಾಗೆ. ಮದುವೆ ಫೋಟೋಗೂ ಇದೇ ನಿಯಮ. ಆದ್ದರಿಂದ ಕೊಟೇಶನ್ನಿನಲ್ಲೇ ಯಾವುದು ಯಾರದ್ದು ಅಂತ ಎರಡು ಸಾಲು ಬರೆದು ಸಹಿ ಹಾಕಿಸಿ. ಹಕ್ಕು ಬರೆದುಕೊಡುವಾಗ ಅವಧಿ ಹಾಕದಿದ್ದರೆ ಕಾಯ್ದೆ ಅದನ್ನು 5 ವರ್ಷ ಅಂತ ಓದಿಕೊಳ್ಳುತ್ತದೆ. ಸಂಬಳಕ್ಕೆ ಇದ್ದು ಮಾಡಿದ ಕೆಲಸ ಸಾಮಾನ್ಯವಾಗಿ ಧಣಿಗೇ ಸೇರುತ್ತದೆ.

ಹಳೆಯದನ್ನು ಬಳಸುವವರು ಲೇಖಕರು ತೀರಿಕೊಂಡ ವರ್ಷ ನೋಡಬೇಕು. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಜನಪದ ಹಾಡುಗಳನ್ನು ಸಂಗ್ರಹಿಸಿದ ಪುಸ್ತಕ ಪಟ್ಟೋಲೆ ಪಳಮೆ ಅಚ್ಚಾಗಿದ್ದು 1924ರಲ್ಲಿ. ಅವರು ತೀರಿಕೊಂಡಿದ್ದು 1931ರಲ್ಲಿ. 1991ಕ್ಕೆ 60 ವರ್ಷ ಮುಗಿಯಿತು, ಈಗ ಮೂಲ ಪಠ್ಯವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಆದರೆ ಅವರ ಮೊಮ್ಮಕ್ಕಳು ಮಾಡಿ 2003ರಲ್ಲಿ ಬಂದ ಇಂಗ್ಲಿಷ್ ಅನುವಾದದ ಹಕ್ಕು ಬೇರೆ, ಅದು ಹಾಗೇ ಇದೆ. ಇಂಥ ಹಾಡನ್ನು ದುಡಿ (ಕೊಡವರ ಸಣ್ಣ ಚರ್ಮವಾದ್ಯ) ಹಿಡಿದು ಹಾಡಿದ ತಂಡದ ರೆಕಾರ್ಡಿಂಗ್ ಸಿಕ್ಕರೆ, ಹಾಡು ಹಳೆಯದು ಅಂತ ಎತ್ತಿ ವಿಡಿಯೋಗೆ ಹಾಕಬೇಡಿ. ರೆಕಾರ್ಡ್ ಮಾಡಿಸಿದವರಿಗೆ 60 ವರ್ಷ, ಹಾಡಿದವರಿಗೆ 50 ವರ್ಷ ಹಕ್ಕಿದೆ. ನಿಮ್ಮೂರಿನ ತಂಡದ ಒಪ್ಪಿಗೆ ತಗೊಂಡು ನೀವೇ ರೆಕಾರ್ಡ್ ಮಾಡಿ, ತಲೆನೋವಿಲ್ಲ.

ಕೆಲಸ ನಿಮ್ಮದೇ ಆದರೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಬೇರೆಯವರು ಇದರಿಂದ ದುಡ್ಡು ಮಾಡಬಹುದಾ? ಇದನ್ನು ಬದಲಾಯಿಸಬಹುದಾ? ಫೋಟೋ, ಬರಹ, ಸಂಗೀತಕ್ಕೆ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಅನ್ನುವ ಸಂಸ್ಥೆ ಸಿದ್ಧ ಮಾಡಿಟ್ಟ ಲೈಸೆನ್ಸ್‌ಗಳಿವೆ. "ಬೈ" (BY) ಅಂದರೆ ಹೆಸರು ಹಾಕಿ ಏನು ಬೇಕಾದರೂ ಮಾಡಿ. "ಎಸ್‌ಎ" (SA) ಸೇರಿದರೆ, ಬದಲಾಯಿಸಿ ಹಂಚುವವರೂ ಅದೇ ಲೈಸೆನ್ಸ್‌ನಲ್ಲಿ ಹಂಚಬೇಕು. "ಎನ್‌ಸಿ" (NC) ಅಂದರೆ ವ್ಯಾಪಾರಕ್ಕಿಲ್ಲ. "ಎನ್‌ಡಿ" (ND) ಅಂದರೆ ಬದಲಾಯಿಸಿ ಹಂಚುವಂತಿಲ್ಲ. ಯಾವುದೂ ಬೇಡ, ಪೂರ್ತಿ ಬಿಟ್ಟುಕೊಡುತ್ತೇನೆ ಅನ್ನುವವರಿಗೆ "ಸಿಸಿ ಸೊನ್ನೆ" (CC0).

ಎಲ್ಲರೂ ಮೊದಲು ಕೈ ಹಾಕುವುದು ಎನ್‌ಸಿಗೆ. ನನಗೆ ಅದು ಅಷ್ಟು ಇಷ್ಟವಿಲ್ಲ. ಎನ್‌ಸಿ, ಎನ್‌ಡಿ ಇರುವ ಚಿತ್ರವನ್ನು ವಿಕಿಪೀಡಿಯಾದ ಚಿತ್ರ ಭಂಡಾರವಾದ ವಿಕಿಮೀಡಿಯಾ ಕಾಮನ್ಸ್ ತಗೊಳ್ಳುವುದಿಲ್ಲ. ಜಾಹೀರಾತು ಇರುವ ಸ್ಮರಣ ಸಂಚಿಕೆಯವರೂ ಹಿಂದೆ ಮುಂದೆ ನೋಡುತ್ತಾರೆ. ನಾನು ಸುಮ್ನೆ ತೆಗೆದ ಮಾಂದಲ್‌ಪಟ್ಟಿ ಮಂಜಿನ ಫೋಟೋಗಳಿಗೆ ಬೈ-ಎಸ್‌ಎ ಹಾಕುತ್ತೇನೆ. ಕೆಳಗೆ ಒಂದೇ ಸಾಲು: "ಮಾಂದಲ್‌ಪಟ್ಟಿ ಮಂಜು, ಫೋಟೋ: ಇಂಥವರು, ಸಿಸಿ ಬೈ-ಎಸ್‌ಎ 4.0", ಜೊತೆಗೆ ಲೈಸೆನ್ಸ್ ಪುಟದ ಲಿಂಕ್. ಆ 4.0 ಬಿಡಬೇಡಿ, ಒಂದೊಂದು ಆವೃತ್ತಿಯ ಷರತ್ತು ಒಂದೊಂದು ಥರ. ಒಂದು ಎಚ್ಚರ: ಒಮ್ಮೆ ಕೊಟ್ಟ ಸಿಸಿ ಲೈಸೆನ್ಸ್ ವಾಪಸ್ ತಗೊಳ್ಳಲು ಬರುವುದಿಲ್ಲ. ಮನಸ್ಸು ಗಟ್ಟಿ ಇಲ್ಲದಿದ್ದರೆ ಎರಡು ದಿನ ಬಿಟ್ಟು ಹಾಕಿ. ಫೋಟೋದಲ್ಲಿ ಜನರಿದ್ದರೆ ಅವರ ಒಪ್ಪಿಗೆ ಬೇರೆ ಬೇಕು, ಲೈಸೆನ್ಸ್ ಅದನ್ನು ತಂದುಕೊಡುವುದಿಲ್ಲ.

ಪ್ರೋಗ್ರಾಂಗೆ ಸಿಸಿ ಹಾಕಬೇಡಿ. ಕ್ರಿಯೇಟಿವ್ ಕಾಮನ್ಸ್‌ನವರೇ ಬೇಡ ಅನ್ನುತ್ತಾರೆ. ನಮ್ಮ ಕಡೆ ತೋಟದವರು ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕದಲ್ಲಿ ಬರೆದಿಡುತ್ತಾರಲ್ವಾ, ಅದಕ್ಕೊಂದು ಪುಟ್ಟ ಪ್ರೋಗ್ರಾಂ ಬರೆದು, ಪ್ರೋಗ್ರಾಂ ಹಂಚುವ ಗಿಟ್‌ಹಬ್ ಜಾಲತಾಣದಲ್ಲಿ ಇಟ್ಟಿದ್ದೇನೆ. ಎಲ್ಲರಿಗೂ ಕಾಣುವ ಕಡೆ ಇಟ್ಟ ಮಾತ್ರಕ್ಕೆ ಅದು ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಬಳಸಿ ಬದಲಾಯಿಸಬಹುದಾದದ್ದು, ಆಗುವುದಿಲ್ಲ. ಲೈಸೆನ್ಸ್ ಫೈಲ್ ಇಲ್ಲದಿದ್ದರೆ ಬೇರೆಯವರು ಅದನ್ನು ತಮ್ಮ ಕೆಲಸಕ್ಕೆ ಸೇರಿಸಿಕೊಳ್ಳುವಂತಿಲ್ಲ. ಯಾವುದೋ ಕಂಪನಿ ನನ್ನ ಪ್ರೋಗ್ರಾಂ ತಗೊಂಡು, ಹೂಮಳೆಯ (ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆಯ) ಲೆಕ್ಕ ಸೇರಿಸಿ ಎಸ್ಟೇಟುಗಳಿಗೆ ಮಾರಿತು ಅಂದುಕೊಳ್ಳಿ. ಎಂಐಟಿ ಲೈಸೆನ್ಸ್ ಆದರೆ ನನ್ನ ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಪಠ್ಯ ಉಳಿಸಿಕೊಂಡರೆ ಸಾಕು, ತಮ್ಮ ಕೋಡ್ ಮುಚ್ಚಿಟ್ಟುಕೊಳ್ಳಬಹುದು. ಜಿಪಿಎಲ್ ಲೈಸೆನ್ಸ್ ಆದರೆ ಕಂಪನಿ ತಾನು ಸೇರಿಸಿದ ಕೋಡನ್ನೂ ಕೊಂಡವರಿಗೆ ಅದೇ ಲೈಸೆನ್ಸ್‌ನಲ್ಲಿ ಕೊಡಬೇಕು. ಆದರೆ ಪ್ರೋಗ್ರಾಂ ಕೈಗೆ ಕೊಡದೆ ತಮ್ಮ ಸರ್ವರ್‌ನಲ್ಲೇ ಓಡಿಸಿದರೆ ಜಿಪಿಎಲ್ ಕೇಳುವುದಿಲ್ಲ. ಅದನ್ನು ಹಿಡಿಯಲು ಎಜಿಪಿಎಲ್ ಇದೆ. ನನ್ನ ಪ್ರೋಗ್ರಾಂ ಸರ್ವರ್‌ನಲ್ಲಿಟ್ಟು ಬ್ರೌಸರಿನಿಂದ ಬಳಸುವಂಥದ್ದು, ಅದಕ್ಕೇ ಎಜಿಪಿಎಲ್ ಹಾಕಿದೆ. ಪೇಟೆಂಟ್ ಬಗ್ಗೆಯೂ ಸ್ಪಷ್ಟ ಮಾತು ಬೇಕು ಅನ್ನುವವರು ಅಪಾಚೆ 2.0 ನೋಡಿ. ಯಾವುದೇ ಆಗಲಿ, ಪೂರ್ತಿ ಪಠ್ಯವನ್ನು "LICENSE" ಹೆಸರಿನ ಫೈಲ್‌ನಲ್ಲಿ ಮೇಲಿನ ಫೋಲ್ಡರಿನಲ್ಲೇ ಇಡಿ. ಹೊಸ ಫೈಲ್‌ಗೆ ಆ ಹೆಸರು ಕೊಟ್ಟರೆ ಗಿಟ್‌ಹಬ್ ತಾನೇ ಲೈಸೆನ್ಸ್‌ಗಳ ಪಟ್ಟಿ ತೋರಿಸುತ್ತದೆ. ನೀವು ಸೇರಿಸಿಕೊಂಡ ಲೈಬ್ರರಿಗಳ (ಬೇರೆಯವರು ಬರೆದ ಸಿದ್ಧ ಕೋಡಿನ) ಲೈಸೆನ್ಸೂ ಓದಿ.

ಅಕ್ಷರದ ಫಾಂಟ್‌ಗೂ ಲೈಸೆನ್ಸ್ ಇರುತ್ತದೆ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ ಥರದವು ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ. ಮದುವೆ ಕಾಗದಕ್ಕೆ, ಕಾಫಿಪುಡಿ ಪ್ಯಾಕೆಟ್ಟಿಗೆ ಧಾರಾಳವಾಗಿ ಬಳಸಿ, ದುಡ್ಡೂ ತಗೊಳ್ಳಿ. ಫಾಂಟ್ ಫೈಲನ್ನೇ ಬಿಡಿಯಾಗಿ ಮಾರುವಂತಿಲ್ಲ, ಅಷ್ಟೇ.